ಇಬ್ಬರ ಭುಜವೂ ಹಿಡಿದುಕೊಂಡ ವರ್ಷ

ನನ್ನ ಎಡಗೈ ಮೇಲೇಳುವುದಿಲ್ಲ ಎಂದು ಗೊತ್ತಾದದ್ದು ಒಂದು ಬೆಳಿಗ್ಗೆ ಜಡೆ ಹಾಕಿಕೊಳ್ಳುವಾಗ. ಆಗ ನನಗೆ ಐವತ್ತೊಂದು. ಮಿರ್ಲೆಯ ನಮ್ಮ ಮನೆಯಿಂದ ದಿನಾ ಬಸ್ಸಿನಲ್ಲಿ ಕೆ.ಆರ್. ನಗರಕ್ಕೆ ಹೋಗಿ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ. ಕೆಲವು ವಾರಗಳಿಂದ ಭುಜ ನೋಯುತ್ತಲೇ ಇತ್ತು. ಅವತ್ತು ಕೈ ಗಲ್ಲದ ಮಟ್ಟಕ್ಕೆ ಬಂದು ನಿಂತೇಬಿಟ್ಟಿತು.

ಗದ್ದೆ ಬೇಸಾಯ ಮಾಡುವ ನನ್ನ ಗಂಡ, "ಮಗ್ಗುಲು ತಪ್ಪಿ ಮಲಗಿದ್ದೀಯ. ಎಲ್ಡು ದಿನಕ್ಕೆ ಸರಿ ಓಯ್ತದೆ ಬುಡು" ಎಂದು ತಾವೇ ನನ್ನ ಹಿಂದೆ ಕೂತು ಜಡೆ ಹೆಣೆದರು. ಅವರಿಗೆ ಗೊತ್ತಿದ್ದದ್ದು ದನದ ಹಗ್ಗ ಹೊಸೆಯುವುದು ಮಾತ್ರ. "ಎತ್ತು ಎಳುದ್ರೂ ಬಿಚ್ಕಳಾಕಿಲ್ಲ ನೋಡು" ಎಂದು ಬೆನ್ನು ತಟ್ಟಿ ಕಳಿಸಿದರು. ಸ್ಟಾಫ್ ರೂಮಿನಲ್ಲಿ ಗಣಿತದ ಮೇಡಂ ಅದನ್ನು ಎರಡು ಬೆರಳಲ್ಲಿ ಮುಟ್ಟಿ ನೋಡಿ, "ಇದನ್ನ ಬಿಚ್ಚೋದು ಹೇಗ್ರೀ?" ಎಂದು ನಿಜವಾದ ಕಳವಳದಿಂದ ಕೇಳಿದರು. ಸಂಜೆ ಅದನ್ನು ಬಿಚ್ಚಲು ಅರ್ಧ ಗಂಟೆ ಹಿಡಿಯಿತು.

ಎರಡು ದಿನ ಎರಡು ತಿಂಗಳಾದ ಮೇಲೆ ಮೂಳೆ ಡಾಕ್ಟರ ಹತ್ತಿರ ಹೋದೆವು. ಎಕ್ಸ್‌ರೇಯಲ್ಲಿ ಮೂಳೆ ಚೆನ್ನಾಗಿಯೇ ಇತ್ತು. ಡಾಕ್ಟರು ನನ್ನ ಕೈಯನ್ನು ತಾವೇ ಹಿಡಿದು ಮೆಲ್ಲಗೆ ಎತ್ತಿದರು. ಅದು ಅದೇ ಜಾಗಕ್ಕೆ ಬಂದು ನಿಂತಿತು.

"ನೀವು ಎತ್ತಿದ್ರೂ ಬರಲ್ಲ, ನಾನು ಎತ್ತಿದ್ರೂ ಬರಲ್ಲ. ಇದು ಫ್ರೋಜನ್ ಶೋಲ್ಡರ್. ಕೀಲಿನ ಸುತ್ತ ಒಂದು ಚೀಲದ ಥರ ಪೊರೆ ಇರುತ್ತೆ. ಅದು ದಪ್ಪ ಆಗಿ ಬಿಗಿದುಕೊಂಡಿದೆ. ತಾನಾಗಿ ಬಿಡುತ್ತೆ, ಆದರೆ ವರ್ಷದ ಮೇಲೇ ಆಗಬಹುದು. ಶುಗರ್ ಇದ್ದೋರಿಗೆ ಇದು ಜಾಸ್ತಿ. ರಕ್ತ ಪರೀಕ್ಷೆ ಮಾಡಿಸಿ."

ಮಾಡಿಸಿದರೆ ಶುಗರ್ ಇತ್ತು. "ಕಾಪಿಗೆ ಸಕ್ಕರೆ ಕಮ್ಮಿ ಆಕ್ಕೊ ಅಂತ ಬಡ್ಕತಿದ್ದೆ ಸಾ" ಎಂದರು ನನ್ನ ಗಂಡ. ಡಾಕ್ಟರು, "ನೀವೂ ಒಂದ್ಸಲ ನೋಡಿಸ್ಕೊಳ್ಳಿ" ಎಂದರು. ಅವರದು ನನಗಿಂತ ಜಾಸ್ತಿ ಬಂತು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಅವರು ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದರು. ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದೆ.

ನಾಲ್ಕು ತಿಂಗಳ ನಂತರ ಅವರ ಬಲಭುಜವೂ ಹಿಡಿದುಕೊಂಡಿತು. ಮೊಳೆಗೆ ಟವೆಲ್ ನೇತು ಹಾಕಲು ಹೋದವರು ಹಾಗೇ ನಿಂತು, "ನಂಗೂ ಬಂತು ಕಣೆ" ಎಂದರು. ಹೆದರಿಕೆಯಲ್ಲೂ ನಗು ಬಂತು. ನಮಗೀಗ ಇಬ್ಬರಿಗೂ ಸೇರಿ ಎರಡೇ ಸರಿಯಾದ ಕೈ.

ಫಿಸಿಯೋಥೆರಪಿಯ ಹುಡುಗಿ ಇಬ್ಬರನ್ನೂ ಒಟ್ಟಿಗೇ ಕೂರಿಸಿ ಹೇಳಿಕೊಟ್ಟಳು. ಮೊದಲು ಬಿಸಿನೀರಿನ ಶಾಖ. ಆಮೇಲೆ ಮುಂದಕ್ಕೆ ಬಗ್ಗಿ ಕೈಯನ್ನು ಇಳಿಬಿಟ್ಟು ತೂಗಾಡಿಸುವುದು. ಆಮೇಲೆ ಬೆರಳುಗಳಿಂದ ಗೋಡೆ ಹತ್ತುವುದು. "ಎಳೆದ ಹಾಗೆ ಅನ್ನಿಸ್ಬೇಕು, ಕಣ್ಣಲ್ಲಿ ನೀರು ಬರಬಾರದು. ಯಾರ ಕೈಲೂ ಜಗ್ಗಿಸ್ಕೋಬೇಡಿ. ಬಟ್ಟೆ ಹಾಕುವಾಗ ನೋವಿರೋ ಕೈನೇ ಮೊದಲು ತೂರಿಸಿ" ಎಂದಳು.

ನಡುಮನೆಯ ಗೋಡೆಯ ಮೇಲೆ ಇಬ್ಬರೂ ಅಕ್ಕಪಕ್ಕ ನಿಂತು ಬೆರಳು ಹತ್ತಿಸುತ್ತಿದ್ದೆವು. ಎಲ್ಲಿಗೆ ಮುಟ್ಟಿತೋ ಅಲ್ಲಿಗೆ ಪೆನ್ಸಿಲ್ ಗೆರೆ. ಮೂರನೆಯ ವಾರ ಅವರ ಗೆರೆ ಒಂದೇ ದಿನಕ್ಕೆ ನಾಲ್ಕು ಬೆರಳು ಮೇಲೆ ಹೋಯಿತು. ಕೆಳಗೆ ನೋಡಿದೆ. ತುದಿಗಾಲಲ್ಲಿ ನಿಂತಿದ್ದರು. "ಕಾಲ್ಗೂ ಎಕ್ಸರ್‌ಸೈಜು ಆಗ್ಲಿ ಅಂತ" ಎಂದರು.

ಅಷ್ಟರಲ್ಲಿ ಪಿರಿಯಾಪಟ್ಟಣದಲ್ಲಿ ನನ್ನ ತಮ್ಮನ ಮಗಳ ಮದುವೆ ಬಂತು. ಹೊರಡುವ ಹೊತ್ತಿಗೆ ನನ್ನ ಗಂಡ ಹೊಸ ಜುಬ್ಬಾ ತೊಡಲು ಹೋಗಿ, ಅವಸರದಲ್ಲಿ ಸರಿಯಿದ್ದ ಕೈಯನ್ನೇ ಮೊದಲು ತೂರಿಸಿದರು. ತಲೆ ಒಳಗೇ ಉಳಿಯಿತು. "ಎಳಿಯೇ" ಎಂದು ಬಟ್ಟೆಯೊಳಗಿಂದ ಧ್ವನಿ ಬಂತು. ನಾನು ಒಂದೇ ಕೈಯಲ್ಲಿ ಎಳೆದೆ. ಅವರು ನನ್ನ ಜೊತೆಗೇ ಬಂದರು. ಇಬ್ಬರೂ ಮಂಚದ ಮೇಲೆ ಬಿದ್ದು, ಉಸಿರು ಕಟ್ಟುವಷ್ಟು ನಕ್ಕೆವು. ಪಕ್ಕದ ಬೀದಿಯಲ್ಲಿರುವ ಅವರ ಅಕ್ಕ ಕಾರು ಕಾಯುತ್ತಿದೆಯೆಂದು ಕರೆಯಲು ಬಂದವರು ಬಾಗಿಲಲ್ಲೇ ನಿಂತರು.

"ಏನ್ಲಾ ಇದು, ಈ ವಯಸ್ಸಲ್ಲಿ" ಎಂದರು.

"ನೀನೇ ನೋಡು, ನಂಗೇನೂ ಕಾಣ್ತಾ ಇಲ್ಲ" ಎಂದರು ನನ್ನ ಗಂಡ, ಜುಬ್ಬಾದೊಳಗಿಂದಲೇ.

ಅಕ್ಕನೇ ಅವರನ್ನು ಹೊರಗೆ ತೆಗೆದು, ನನ್ನ ಸೆರಗಿಗೂ ಪಿನ್ನು ಹಾಕಿ ಹೊರಡಿಸಿದರು.

ಮದುಮಗ ಆರಡಿ ದಾಟಿದ್ದ ಹುಡುಗ. ನಾವು ಧಾರೆ ಮಂಟಪಕ್ಕೆ ಹೋದಾಗ ಫೋಟೋದವನು, "ಮಾವ ಗಂಡಿನ ತಲೆ ಮೇಲೆ, ಅತ್ತೆ ಹೆಣ್ಣಿನ ತಲೆ ಮೇಲೆ ಕೈ ಇಡಿ, ಅಕ್ಷತೆ ಹಾಕಿ" ಎಂದ. ನಾನು ಬಲಗೈಯಲ್ಲಿ ಹೆಣ್ಣಿಗೆ ಹಾಕಿದೆ. ನನ್ನ ಗಂಡನ ಬಲಗೈ ಹುಡುಗನ ಎದೆಯ ಮಟ್ಟಕ್ಕೆ ಬಂದು ನಿಂತಿತು. ಎಡಗೈ ಎತ್ತಲು ಹೋದಾಗ ಅಕ್ಕ ಹಿಂದಿನಿಂದ, "ಎಡಗೈಲಿ ಆಕ್ತಾರೇನ್ಲಾ" ಎಂದರು.

"ಒಂಚೂರು ಬಗ್ಗಪ್ಪ" ಎಂದರು ನನ್ನ ಗಂಡ. ಅವನು ಬಗ್ಗಿದ. "ಇನ್ನೊಂಚೂರು." ಪೇಟ ಜಾರಿ ಪಕ್ಕದಲ್ಲಿ ನಿಂತಿದ್ದ ಹೆಣ್ಣಿನ ಕೈಗೆ ಬಿತ್ತು. ಹುಡುಗ ಒಂದು ಕ್ಷಣ ನೋಡಿ, ಮಂಡಿಯೂರಿ ಕೂತೇಬಿಟ್ಟ. ಅಕ್ಷತೆ ಬಿತ್ತು. ಕೆಳಗಿದ್ದವರಿಗೆ ವಿಷಯ ಗೊತ್ತಿಲ್ಲ. "ಎಂಥಾ ವಿನಯ ನೋಡಿ ಹುಡುಗಂಗೆ" ಎಂದು ಒಬ್ಬರು ಕಣ್ಣೊರೆಸಿಕೊಂಡರು. ನನ್ನ ತಮ್ಮನ ಮಗಳು ಪೇಟ ತಬ್ಬಿಕೊಂಡು ಬಿದ್ದು ಬಿದ್ದು ನಗುತ್ತಿದ್ದಳು. ನಾನು ನಗು ತಡೆಯಲಾಗದೆ ಕಂಬ ಹಿಡಿದು ನಿಂತೆ.

ನನ್ನ ಭುಜ ಹದಿನಾಲ್ಕು ತಿಂಗಳಿಗೆ ಬಿಟ್ಟಿತು. ಅವರದು ಇನ್ನೂ ತಡವಾಯಿತು. ನಡುವೆ ನೋವು ತಡೆಯದೆ ಡಾಕ್ಟರ ಹತ್ತಿರ ಭುಜಕ್ಕೊಂದು ಇಂಜೆಕ್ಷನ್ನೂ ಆಯಿತು. ಬೆನ್ನಿನ ಹಿಂದಕ್ಕೆ ಅವರ ಕೈ ಈಗಲೂ ಪೂರಾ ಹೋಗುವುದಿಲ್ಲ. ಇಬ್ಬರ ಶುಗರ್ರೂ ಹತೋಟಿಯಲ್ಲಿದೆ, ಕಾಫಿಗೆ ಸಕ್ಕರೆ ಇಲ್ಲ.

ಅಂದಿನಿಂದ ಅವರು ಸಿಕ್ಕವರ ಭುಜವನ್ನೆಲ್ಲಾ ಪರೀಕ್ಷೆ ಮಾಡುತ್ತಾರೆ. ಮೊನ್ನೆ ಬೆಳಿಗ್ಗೆ ರಸ್ತೆ ಪಕ್ಕದ ಡೈರಿಯಲ್ಲಿ ಹಾಲು ಹಾಕಲು ನಿಂತಿದ್ದವರಿಗೆ, "ಎಲ್ರೂ ಕೈ ಎತ್ತಿ ನೋಡಾನ, ಯಾರ್ದು ಮೇಲಕ್ಕೆ ಬರಾಕಿಲ್ಲ ಅಂತ" ಎಂದರು. ಹತ್ತು ಹನ್ನೆರಡು ಜನ ಕ್ಯಾನು ಕೆಳಗಿಟ್ಟು ಎರಡೂ ಕೈ ಎತ್ತಿದರು. ಕೆ.ಆರ್. ನಗರದ ಬಸ್ಸು ಕಿರ್ರೆಂದು ಬಂದು ನಿಂತಿತು.

"ಬಸ್ ಹತ್ರಪ್ಪ, ಬೇಗ" ಎಂದ ಕಂಡಕ್ಟರ್.

"ಯಾರೂ ಬರಾಕಿಲ್ಲ ಕಣಪ್ಪ. ನೀನೂ ಒಂದ್ಸಲ ಎತ್ತು" ಎಂದರು ನನ್ನ ಗಂಡ.

ಅವನು ಅವರನ್ನು ನೋಡಿದ, ಬಾಗಿಲಲ್ಲಿ ನಿಂತೇ ಒಂದು ಕೈ ನೆಟ್ಟಗೆ ಮೇಲೆತ್ತಿ ತೋರಿಸಿದ, ಆಮೇಲೆ ಸೀಟಿ ಊದಿದ.