ಹನ್ನೊಂದು ಅಡಿ ಕಡಿಮೆ

ಊರಲ್ಲಿ ಎಲ್ಲರೂ ಅವನನ್ನು ಗಂಟಣ್ಣ ಎನ್ನುತ್ತಿದ್ದರು. ಕಟ್ಟಡ ಏಳುವಾಗ ಮೇಸ್ತ್ರಿಗಳು ನಿಂತು ಕೆಲಸ ಮಾಡಲು ಬಿದಿರಿನ ಸಾರುವೆ ಕಟ್ಟುವುದು ಅವನ ಕಸುಬು. ಮೂವತ್ತು ವರ್ಷದಲ್ಲಿ ಅವನು ಹಾಕಿದ ಹಗ್ಗದ ಗಂಟು ಒಂದೂ ಜಾರಿದ್ದಿಲ್ಲ, ಅದಕ್ಕೇ ಆ ಹೆಸರು ಬಂತು ಎಂದು ಅವನು ಹೇಳಿಕೊಳ್ಳುತ್ತಿದ್ದ. ಅವನ ಮುಖ ನೋಡಿದವರು ಬೇರೆ ಕಾರಣ ಹೇಳುತ್ತಿದ್ದರು.

ಆ ಮುಖ ಈಚೆಗೆ ಇನ್ನಷ್ಟು ಬಿಗಿದಿತ್ತೆಂದರೆ ಅದಕ್ಕೆ ಕಾರಣ ಅವನ ಷಡ್ಡಕ, ಹೆಂಡತಿಯ ತಂಗಿಯ ಗಂಡ. ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು, ಕೆಲಸ ಬಿಟ್ಟು, ನಾಲ್ಕು ವರ್ಷದ ಹಿಂದೆ ಈ ಊರಿಗೆ ಬಂದವನು. ಬಸ್ಸು ಬಿಟ್ಟರೂ ಬಸ್ಸಿನ ಗಂಟಲು ಬಿಟ್ಟಿರಲಿಲ್ಲ. ನಾಲ್ಕು ಜನ ಸೇರಿದ ಕಡೆ ಅವನು ಐದನೆಯವನಾಗಿ ಬಂದು ನಿಂತರೆ, ಐದು ನಿಮಿಷದಲ್ಲಿ ಉಳಿದ ನಾಲ್ವರೂ ಅವನ ಬಾಯಿ ನೋಡುತ್ತಾ ನಿಂತಿರುತ್ತಿದ್ದರು. ಗಂಟಣ್ಣ ಹತ್ತು ವರ್ಷ ದುಡಿದು ಗಳಿಸಿದ ಮರ್ಯಾದೆಯನ್ನು ಅವನು ಹತ್ತು ಮಾತಿನಲ್ಲಿ ಗಳಿಸುತ್ತಿದ್ದ. ಹೊಟ್ಟೆ ಉರಿಯದೆ ಇನ್ನೇನಾಗುತ್ತದೆ?

ಈಗ ಊರಿನ ಬಯಲಿಗೆ ಕಂಟಕ ಬಂದಿತ್ತು. ಊರ ಮುಂದಿನ ಸೇತುವೆಯ ಮೇಲೆ ನಿಂತರೆ ಮೊದಲು ಬಯಲು, ಆಮೇಲೆ ಮರಗಳ ಸಾಲು, ಅದರ ಹಿಂದೆ ಉದ್ದಕ್ಕೂ ಗುಡ್ಡದ ನೆತ್ತಿ ಕಾಣುತ್ತದೆ. ಆ ಮರಗಳ ಹಿಂದೆ, ಬಯಲಿನ ಆಚೆ ತುದಿಯಲ್ಲಿ, ನಲವತ್ತೈದು ಅಡಿ ಎತ್ತರದ ಹೋಟೆಲು ಕಟ್ಟುತ್ತೇವೆ ಎಂದು ಒಂದು ಕಂಪನಿ ಅರ್ಜಿ ಹಾಕಿತ್ತು. ಊರಿನ ಯೋಜನೆಯ ಪುಸ್ತಕದಲ್ಲಿ ನಿಯಮ ಸ್ಪಷ್ಟವಾಗಿತ್ತು: ಆ ಬಯಲಲ್ಲಿ ಯಾವ ಕಟ್ಟಡವೂ ಇಪ್ಪತ್ತೆರಡು ಅಡಿ ಮೀರಬಾರದು. ಸೇತುವೆಯಿಂದ ಕಾಣದ ಕಟ್ಟಡವಾದರೆ ಮಾತ್ರ ವಿನಾಯಿತಿ. ಕಂಪನಿಯವರು ಹಿಡಿದದ್ದು ಅದೇ ಎಳೆಯನ್ನು. ಮರ ಮುಚ್ಚುತ್ತದೆ, ನಮ್ಮದು ಕಾಣುವುದೇ ಇಲ್ಲ, ಎಂದರು.

ಶಾಲೆಯ ಕೋಣೆಯಲ್ಲಿ ಊರವರ ಸಭೆ ಸೇರಿತು. ಮಕ್ಕಳ ಗಿಡ್ಡ ಬೆಂಚುಗಳಲ್ಲಿ ದೊಡ್ಡವರು ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಕುಳಿತಿದ್ದರು. ಕಂಡಕ್ಟರ್ ಎದ್ದು ನಿಂತ.

"ಟಿಕೆಟ್ ಇಲ್ಲದೆ ಹತ್ತೋರನ್ನ ನಾನು ಮುಖ ನೋಡಿನೇ ಹಿಡೀತಿದ್ದೆ. ಈ ಕಂಪನಿಯೋರು ಇಪ್ಪತ್ತೆರಡು ಅಡಿಗೆ ಟಿಕೆಟ್ ತಗೊಂಡು ನಲವತ್ತೈದು ಅಡಿವರೆಗೂ ಹೋಗ್ತೀವಿ ಅಂತಿದ್ದಾರೆ. ಇಳಿಸೋಣವೋ ಬೇಡವೋ?"

"ಇಳಿಸಿ! ಇಳಿಸಿ!" ಎಂದು ಕೋಣೆಯಲ್ಲಿ ಗುಲ್ಲೆದ್ದಿತು. ಹೋಟೆಲು ತಡೆಯಲು ಅಲ್ಲೇ ಒಂದು ಸಮಿತಿ ಮಾಡಿ, ಅವನನ್ನೇ ಅದಕ್ಕೆ ಮುಂದಾಳು ಮಾಡಿದರು.

ಹಿಂದಿನ ಬೆಂಚಿನಲ್ಲಿ ಗಂಟಣ್ಣನ ಕಿವಿ ಕಾದು ಕೆಂಪಾಗಿತ್ತು. ಆ ಇಪ್ಪತ್ತೆರಡು ಯಾರದು? ಹದಿನೆಂಟು ವರ್ಷದ ಹಿಂದೆ ಯೋಜನೆ ಬರೆಯಲು ಅಧಿಕಾರಿಗಳು ಬಂದಾಗ, ಮನೆ ಎಷ್ಟು ಎತ್ತರವಿರಬೇಕೆಂದು ಊರವರು ಬೆಳಗಿನಿಂದ ಕಿತ್ತಾಡುತ್ತಿದ್ದರು. ಗಂಟಣ್ಣ ಒಂದು ಮಾತೂ ಆಡದೆ ತನ್ನ ಅತಿ ಉದ್ದದ ಬಿದಿರಿನ ಗಳವನ್ನು ಹೆಗಲ ಮೇಲಿಟ್ಟುಕೊಂಡು ಹೋಗಿ ಬಯಲ ನಡುವೆ ನೆಟ್ಟ. ಆಗ ಮರಗಳಿನ್ನೂ ಸೊಂಟದೆತ್ತರದ ಸಸಿ. ಸೇತುವೆಯಿಂದ ನೋಡಿದರೆ ಗಳದ ತುದಿ ಗುಡ್ಡದ ನೆತ್ತಿಗೆ ತಾಗಿಯೂ ತಾಗದ ಹಾಗೆ ನಿಂತಿತ್ತು. ಅಧಿಕಾರಿ ಆ ಗಳವನ್ನು ಅಳತೆ ಮಾಡಿಸಿದರು, ಇಪ್ಪತ್ತೆರಡು ಅಡಿ. ಅದನ್ನೇ ಬರೆದುಕೊಂಡು ಹೋದರು. ಆ ಹೊತ್ತಿಗೆ ಕಂಡಕ್ಟರ್ ಇನ್ನೆಲ್ಲೋ ಚಿಲ್ಲರೆ ಎಣಿಸುತ್ತಿದ್ದ.

"ಆ ಸಂಖ್ಯೆ ನನ್ನದು. ಅವನಪ್ಪನ ಮನೆ ಆಸ್ತಿ ಥರ ಹೇಳ್ತಾನಲ್ಲೇ!" ಎಂದು ಮನೆಗೆ ಬಂದು ಹೆಂಡತಿಯ ಮೇಲೆ ಹರಿಹಾಯ್ದ.

"ಹಾಗಂತ ಸಭೇಲಿ ಎದ್ದು ಹೇಳಬೇಕಿತ್ತು."

"ಕೇಳಿದ್ರೆ ತಾನೇ ಹೇಳೋದು?"

"ಯಾರಿಗೆ ಗೊತ್ತಿತ್ತು ಕೇಳೋಕೆ? ಬಾಯಿಗೂ ಗಂಟು ಹಾಕ್ಕೊಂಡು ಕೂತ್ರೆ ಯಾರು ಬಿಚ್ತಾರೆ ರೀ?" ಎಂದು ಅವಳು ಒಲೆಯ ಕಡೆ ತಿರುಗಿದಳು. ಅವಳಿಗೆ ಅವನೂ ಬೇಕು, ತಂಗಿಯ ಗಂಡನೂ ಬೇಕು.

ಗುರುವಾರ ಹತ್ತು ಗಂಟೆಗೆ ಅಧಿಕಾರಿ ಜಾಗ ನೋಡಲು ಬರುವವರಿದ್ದರು. ಅಷ್ಟರೊಳಗೆ ಹೋಟೆಲು ಏಳುವ ಜಾಗದಲ್ಲಿ ಅಷ್ಟೇ ಎತ್ತರದ ಸಾರುವೆ ಕಟ್ಟಿ ತುದಿಗೆ ಬಿಳಿ ಬಟ್ಟೆ ಹಾಕಬೇಕು, ಸೇತುವೆಯಿಂದ ಬಟ್ಟೆ ಕಂಡರೆ ಕಟ್ಟಡವೂ ಕಾಣುತ್ತದೆ ಎಂದು ಲೆಕ್ಕ. ಕಟ್ಟುವ ಕೆಲಸ ಸಮಿತಿಯದು. ಕಂಡಕ್ಟರ್ ಬುಧವಾರ ಬೆಳಿಗ್ಗೆ ಮನೆ ಬಾಗಿಲಿಗೇ ಬಂದ.

"ಅಣ್ಣಾ, ನೀನು ಕಟ್ಟು, ನಾನು ಮಾತಾಡ್ತೀನಿ. ಇಬ್ಬರೂ ಸೇರಿದ್ರೆ ಆ ಕಂಪನಿಗೆ ದಾರಿ ಎಲ್ಲಿದೆ?"

'ನೀನು ಕಟ್ಟು, ನಾನು ಮಾತಾಡ್ತೀನಿ.' ಬಯಲಿಗೆ ಹೋಗುವ ತನಕ ಆ ಮಾತು ಗಂಟಣ್ಣನಿಗೆ ಚಪ್ಪಲಿಯೊಳಗಿನ ಕಲ್ಲಿನಂತೆ ಚುಚ್ಚುತ್ತಲೇ ಇತ್ತು. ಮಧ್ಯಾಹ್ನದವರೆಗೆ ಮೂವತ್ತನಾಲ್ಕು ಅಡಿ ಎದ್ದಿತು. ಉಳಿದದ್ದು ಹನ್ನೊಂದು ಅಡಿಯ ಒಂದು ತುಂಡು. ಅದನ್ನು ಎತ್ತಿದವನು ಏನೋ ಹೊಳೆದು ಹಾಗೇ ನಿಂತ. ಇಷ್ಟಕ್ಕೇ ಬಟ್ಟೆ ಕಟ್ಟಿದರೆ? ಮರದ ತಲೆಗಿಂತ ಕೆಳಗಿರುತ್ತದೆ, ಸೇತುವೆಯಿಂದ ಕಾಣದು. ಕಂಡಕ್ಟರ್ "ಅಗೋ ನೋಡಿ" ಎಂದು ಕೈ ತೋರಿಸುತ್ತಾನೆ, ಅಲ್ಲಿ ಏನೂ ಇರುವುದಿಲ್ಲ. ಎಲ್ಲರೆದುರು ಅವನ ನಾಲಿಗೆ ತೊದಲಬೇಕು. ಆಗ ತಾನು ಮುಂದೆ ಬಂದು, "ಒಂದು ತುಂಡು ಬಾಕಿ ಇತ್ತು, ಇರಿ" ಎಂದು ಹತ್ತಿ ಕಟ್ಟಬೇಕು. ಕೆಲಸ ಬಲ್ಲವನು ಯಾರೆಂದು ಅಂದಾದರೂ ಗೊತ್ತಾಗಲಿ.

ಮೂವತ್ತನಾಲ್ಕರ ತುದಿಗೇ ಬಟ್ಟೆ ಕಟ್ಟಿ, ಆ ತುಂಡನ್ನು ಹುಲ್ಲಿನೊಳಗೆ ಮಲಗಿಸಿ ಮನೆಗೆ ಬಂದ. ಗಂಟಣ್ಣ ಕಟ್ಟಿದ್ದಕ್ಕೆ ಟೇಪು ಹಿಡಿಯುವವರು ಊರಲ್ಲಿ ಯಾರೂ ಇರಲಿಲ್ಲ. ಕಂಪನಿಯವರು ಹಿಡಿಯಬಹುದಿತ್ತು. ಆದರೆ ಕಡಿಮೆಯಾದರೆ ಲಾಭ ಅವರಿಗೇ.

ಗುರುವಾರ ಸೇತುವೆಯ ಮೇಲೆ ಜನ ಕಿಕ್ಕಿರಿದಿದ್ದರು. ಅಧಿಕಾರಿ ಕನ್ನಡಕದ ಹೆಂಗಸು, ಮಾತು ಕಡಿಮೆ. ಪಕ್ಕದಲ್ಲಿ ಕಂಪನಿಯ ಎಂಜಿನಿಯರು, ಹೊಸ ಬೂಟು. ಅಧಿಕಾರಿಯ ಜೊತೆಗೇ ಬಂದು, ಇನ್ನೂ ಬಯಲ ಕಡೆ ತಿರುಗಿರದ ಕಂಡಕ್ಟರ್ ಗಂಟಲು ಸರಿಮಾಡಿಕೊಂಡ.

"ಮೇಡಂ, ನಾನು ಹೆಚ್ಚು ಹೇಳೋದಿಲ್ಲ. ನಿಮ್ಮ ಕಣ್ಣೇ ಹೇಳುತ್ತೆ. ಅಗೋ ಅಲ್ಲಿ ನೋಡಿ!"

ಎಲ್ಲರೂ ನೋಡಿದರು. ಮರ, ಗುಡ್ಡ, ಆಕಾಶ. ಬಟ್ಟೆಯ ಚೂರೂ ಇಲ್ಲ.

ಕಂಡಕ್ಟರ್‌ನ ಚಾಚಿದ ಕೈ ಚಾಚಿದಂತೆಯೇ ಉಳಿಯಿತು. ನಾಲ್ಕು ವರ್ಷದಲ್ಲಿ ಮೊದಲ ಸಲ ಆ ಬಾಯಿಂದ ಸದ್ದು ಹೊರಡಲಿಲ್ಲ. ಗಂಟಣ್ಣನ ಎದೆಯಲ್ಲಿ ತಣ್ಣನೆ ನೀರು ಸುರಿದ ಹಾಗಾಯಿತು. ಆ ಸುಖ ಎಷ್ಟು ಹೊತ್ತು? ಉಗುಳು ನುಂಗುವಷ್ಟು.

"ನೋಡಿದ್ರಲ್ಲ ಮೇಡಂ, ಅವರೇ ಕಟ್ಟಿದ್ದು, ಅವರಿಗೇ ಕಾಣ್ತಿಲ್ಲ. ಕಾಣೋದಿಲ್ಲ ಅಂತ ಬರ್ಕೊಂಡುಬಿಡಿ" ಎಂದ ಎಂಜಿನಿಯರು.

ಅಧಿಕಾರಿ ಫೈಲು ಬಿಚ್ಚಿ ಪೆನ್ನಿನ ಮುಚ್ಚಳ ತೆಗೆದರು.

ಇದನ್ನು ಗಂಟಣ್ಣ ಎಣಿಸಿಯೇ ಇರಲಿಲ್ಲ. ಷಡ್ಡಕ ತೊದಲುವವರೆಗೆ ಅವನ ಯೋಚನೆ ಓಡಿತ್ತು, ಅದರಾಚೆ ಒಂದು ಹೆಜ್ಜೆಯೂ ಇಟ್ಟಿರಲಿಲ್ಲ. ಆ ಪೆನ್ನು ಒಂದು ಸಾಲು ಬರೆದರೆ ಗುಡ್ಡದ ನೆತ್ತಿ ಹೋಯಿತು, ಅವನ ಇಪ್ಪತ್ತೆರಡೂ ಹೋಯಿತು. ಜನರನ್ನು ತಳ್ಳಿಕೊಂಡು ಮುಂದೆ ಬಂದ.

"ನಿಲ್ಲಿ! ಇನ್ನೊಂದು ತುಂಡು ಇದೆ. ಮೂವತ್ತನಾಲ್ಕೇ ಕಟ್ಟಿದ್ದು."

"ಓಹೋ, ಈಗ ಬೇಕಾದಷ್ಟು ಉದ್ದ ಮಾಡ್ತೀರಾ?" ಎಂಜಿನಿಯರು ನಕ್ಕ. "ಮೇಡಂ, ಇವರ ಅಳತೆ ನಂಬೋದು ಹೇಗೆ?"

ಸೇತುವೆಯ ಮೇಲೆ ಗುಸುಗುಸು ಎದ್ದಿತು. ಅಷ್ಟರಲ್ಲಿ ಕಂಡಕ್ಟರ್‌ಗೆ ಗಂಟಲು ವಾಪಸು ಬಂದಿತ್ತು.

"ಇದು ನಾವು ಬೇಕಂತಲೇ ಮಾಡಿದ್ದು ಮೇಡಂ! ಮರ ಎಷ್ಟನ್ನ ಮುಚ್ಚುತ್ತೆ ಅಂತ ಮೊದಲು ತೋರಿಸೋದು, ಕಂಪನಿ ಕೇಳೋದು ಎಷ್ಟು ಅಂತ ಆಮೇಲೆ ತೋರಿಸೋದು. ನಮ್ಮಣ್ಣನದೇ ಉಪಾಯ ಇದು. ಅವನ ತಲೆ ಅಂದ್ರೆ ಏನು ಅಂದ್ಕೊಂಡಿದ್ದೀರಿ?"

ಜನ ಗಂಟಣ್ಣನತ್ತ ಮೆಚ್ಚಿ ತಿರುಗಿದರು. ಅಧಿಕಾರಿ ಕನ್ನಡಕ ಸರಿಸಿ ಕೇಳಿದರು: "ಹೌದೇನ್ರೀ? ಬೇಕಂತಲೇ ಹಾಗೆ ಕಟ್ಟಿದ್ರಾ?"

ಹೌದು ಎಂದರೆ ಮುಗಿಯಿತು. ಊರಲ್ಲಿ ಬುದ್ಧಿವಂತನಾಗಿ ಓಡಾಡಬಹುದಿತ್ತು. ಆದರೆ ಆ ಬುದ್ಧಿ ಯಾರು ಕೊಟ್ಟದ್ದು? ಇನ್ನು ಸಾಯುವವರೆಗೆ ಈ ಕಂಡಕ್ಟರ್ ಬರೆದುಕೊಟ್ಟ ಟಿಕೆಟ್ ಹಿಡಿದುಕೊಂಡು ಓಡಾಡಬೇಕೆ? ಅವನು ಎದುರು ಸಿಕ್ಕಾಗಲೆಲ್ಲ ಕಣ್ಣು ಮಿಟುಕಿಸುವುದನ್ನು ನೋಡಬೇಕೆ? ಗಂಟಣ್ಣನ ಮೈ ಉರಿದುಹೋಯಿತು.

"ಸುಳ್ಳು!" ಎಂದು ಕಿರುಚಿದ. "ಉಪಾಯನೂ ಇಲ್ಲ, ಮಣ್ಣೂ ಇಲ್ಲ. ಇವನ ಮೆರವಣಿಗೆ ನೋಡೋಕೆ ಆಗ್ತಿರಲಿಲ್ಲ ನಂಗೆ. ನಿಮ್ಮೆದುರು ಇವನ ಬಾಯಿ ಕಟ್ಟಲಿ ಅಂತ ಹನ್ನೊಂದು ಅಡಿ ಕಡಿಮೆ ಕಟ್ಟಿದೆ. ತಪ್ಪು ನಂದು. ಟೇಪು ತನ್ನಿ, ನೀವೇ ಬುಡದಲ್ಲಿ ಹಿಡ್ಕೊಂಡು ನಿಂತ್ಕೊಳ್ಳಿ, ಒಂದು ಅಂಗುಲ ಹೆಚ್ಚು ಬಂದ್ರೆ ಅಲ್ಲಿಂದಲೇ ಕೆಳಗೆ ಹಾರ್ತೀನಿ!"

ಹಿಂದಿನಿಂದ ಹೆಂಡತಿ "ರೀ, ಹಾರೋದೆಲ್ಲ ಬೇಡ" ಎಂದಳು. ಜನ ನಕ್ಕರು. ಅಧಿಕಾರಿ ನಗಲಿಲ್ಲ. ಪೆನ್ನಿಗೆ ಮುಚ್ಚಳ ಹಾಕಿದರು.

"ತನ್ನ ಮೇಲೇ ಚಾಡಿ ಹೇಳ್ಕೊಳ್ಳೋನು ಅಳತೆಯಲ್ಲಿ ಸುಳ್ಳು ಹೇಳೋದಿಲ್ಲ. ಆದ್ರೂ ಟೇಪು ನಾನೇ ಹಿಡೀತೀನಿ. ನಡೀರಿ."

ಹುಲ್ಲಿನೊಳಗಿನ ತುಂಡು ತೆಗೆದು ಗಂಟಣ್ಣ ಹತ್ತಿದ. ಅದನ್ನು ತುದಿಗೆ ಸೇರಿಸಿ ಗಂಟು ಬಿಗಿದು, ಬಟ್ಟೆಯನ್ನು ಅದರ ನೆತ್ತಿಗೆ ಕಟ್ಟಿದ. ಮೇಲಿನಿಂದ ಟೇಪು ಇಳಿಬಿಟ್ಟ. ಬುಡದಲ್ಲಿ ಅಧಿಕಾರಿ ಬಗ್ಗಿ ಓದಿದರು: ನಲವತ್ತೈದು. ಎಂಜಿನಿಯರೂ ಬಗ್ಗಿ ಅದನ್ನೇ ಓದಿದ. ಎಲ್ಲರೂ ಸೇತುವೆಗೆ ಮರಳಿದಾಗ ಬಿಳಿ ಬಟ್ಟೆ ಮರಗಳ ಮೇಲೆ, ಗುಡ್ಡದ ನೆತ್ತಿಯ ನಟ್ಟನಡುವೆ ಪಟಪಟ ಬಡಿದುಕೊಳ್ಳುತ್ತಿತ್ತು. ಒಂದು ಬಟ್ಟೆಯೇ ಇಷ್ಟು ಕಣ್ಣಿಗೆ ಹೊಡೆದರೆ ಅಷ್ಟಗಲದ ಗೋಡೆ? ಯಾರೂ ವಿವರಿಸಬೇಕಾಗಿರಲಿಲ್ಲ. ಕಂಡಕ್ಟರ್ ಕೂಡ ವಿವರಿಸಲಿಲ್ಲ.

ಮೂರು ವಾರಕ್ಕೆ ಪತ್ರ ಬಂತು. ವಿನಾಯಿತಿ ಇಲ್ಲ, ಇಪ್ಪತ್ತೆರಡೇ ಖಾಯಂ. ಶಾಲೆಯ ಕೋಣೆಯಲ್ಲಿ ಅದನ್ನು ಓದಿದವನು ಕಂಡಕ್ಟರೇ. ಗಂಟಣ್ಣ ಅದೇ ಹಿಂದಿನ ಬೆಂಚಿನಲ್ಲಿ ಕುಳಿತಿದ್ದ. ಸೇತುವೆಯ ಆ ದಿನದಿಂದ ಇಬ್ಬರಿಗೂ ಮಾತಿಲ್ಲ. ಓದಿ ಮುಗಿಸಿದ ಕಂಡಕ್ಟರ್ ಪತ್ರ ಮಡಚಿದ.

"ಇನ್ನೊಂದು ವಿಷಯ. ಈ ಇಪ್ಪತ್ತೆರಡು ಎಲ್ಲಿಂದ ಬಂತು ಗೊತ್ತಾ? ನಮ್ಮತ್ತಿಗೆ ನಿನ್ನೆ ಹೇಳಿದ್ರು, ನಂಗೂ ಗೊತ್ತಿರಲಿಲ್ಲ. ಹದಿನೆಂಟು ವರ್ಷದ ಹಿಂದೆ ಊರೆಲ್ಲ ಕಿತ್ತಾಡ್ತಿದ್ದಾಗ, ಒಬ್ಬ ಗಂಡಸು ತುಟಿ ಬಿಚ್ಚದೆ ಒಂದು ಗಳ ಹೊತ್ಕೊಂಡು..."

ಅವನು ಹೇಳುತ್ತಾ ಹೋದ. ಗಳ ಬಲ ಹೆಗಲೇರಿತು, ಬಯಲು ದಾಟಿತು, ನೆಟ್ಟಗೆ ನಿಂತಿತು. ಜನ ಉಸಿರು ಬಿಗಿಹಿಡಿದು ಕೇಳಿದರು. ಕೊನೆಗೆ ಕೋಣೆಯ ಹೆಂಚು ಹಾರುವ ಹಾಗೆ ಚಪ್ಪಾಳೆ ಬಿತ್ತು.

"ಏಳ್ರೀ, ನಿಮಗೇ ತಟ್ತಿರೋದು" ಎಂದು ಹೆಂಡತಿ ಮೊಣಕೈಯಿಂದ ತಿವಿದಳು.

ಗಂಟಣ್ಣ ಎದ್ದು ನಿಂತ. ಹದಿನೆಂಟು ವರ್ಷ ಕಾದಿದ್ದ ಚಪ್ಪಾಳೆ. ಆದರೆ ಜನರ ಕಣ್ಣು ಅವನ ಮೇಲೆ ಅರೆಗಳಿಗೆ ನಿಂತು, ಕಥೆ ಹೇಳಿದವನ ಕಡೆಗೇ ಮರಳುತ್ತಿತ್ತು. ತಾನೇ ಹೇಳಿದ್ದರೆ ಎರಡು ಮಾತಿಗೆ ಮುಗಿದುಹೋಗುತ್ತಿತ್ತು, ಅದು ಅವನಿಗೂ ಗೊತ್ತಿತ್ತು. ಅದೇ ತಾಳಲಾರದ ವಿಷಯ.

"ಗಳ ಬಲ ಹೆಗಲ ಮೇಲಲ್ಲ, ಎಡ ಹೆಗಲ ಮೇಲಿತ್ತು" ಎಂದು ಜೋರಾಗಿ ಹೇಳಿ ಕುಳಿತುಕೊಂಡ.