ಮುಳ್ಳು ಓದುತ್ತಿದ್ದ ಕೂಸು

ಹೋದ ತಿಂಗಳು ಅಣ್ಣಿಗೇರಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನಡೆದು ಹೋಗುತ್ತಿದ್ದಾಗ ಹಸಿ ವಾರ್ನಿಶಿನ ವಾಸನೆ ಮೂಗಿಗೆ ಬಡಿಯಿತು. ಸುಟ್ಟ ಮೋಟಾರಿಗೆ ಹೊಸ ತಾಮ್ರದ ತಂತಿ ಸುತ್ತಿದ ಮೇಲೆ ಹೊಯ್ಯುತ್ತಾರಲ್ಲ, ಜೇನಿನ ಬಣ್ಣದ, ಗಂಟಲು ಕೆರೆಯುವ ಆ ವಾರ್ನಿಶು. ವಾಸನೆ ಬಂದ ಅಂಗಡಿಯೊಳಗೆ ಇಣುಕಿ ನೋಡುವ ಧೈರ್ಯ ಬರಲಿಲ್ಲ. ನೀವು ಹುಟ್ಟಿ ಬೆಳೆದ ಮನೆಗೂ ಒಂದು ವಾಸನೆ ಇದ್ದಿರಬೇಕು, ಆ ಮನೆ ಹೋದಮೇಲೂ ಅದು ಎಲ್ಲೋ ಒಂದು ಓಣಿಯಲ್ಲಿ ನಿಮ್ಮನ್ನು ತಡೆದು ನಿಲ್ಲಿಸಿರಬೇಕು. ನವಲಗುಂದದ ನಮ್ಮ ಮನೆಯಲ್ಲಿ ಒಗ್ಗರಣೆಗೂ, ಅವ್ವನ ಸೀರೆಗೂ, ನನ್ನ ಶಾಲೆಯ ಪುಸ್ತಕಕ್ಕೂ ಇದೇ ವಾಸನೆ ಇತ್ತು. ಮನೆಯ ಮುಂದಿನ ಪಡಸಾಲೆಯೇ ಅಪ್ಪನ ಮೋಟಾರ್ ವೈಂಡಿಂಗ್ ಅಂಗಡಿ.

ಅಂಗಡಿ ಅಪ್ಪ ಗುರುಸಿದ್ದಪ್ಪನ ಹೆಸರಿನಲ್ಲಿದ್ದರೂ ಕೈಕೆಲಸವೆಲ್ಲ ದಸ್ತಗೀರ ಕಾಕಾನದು. ಕಾಕಾ ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆಯಲ್ಲಿದ್ದ. ಅವನಿಗೂ ಬೀಬಿಜಾನ್ ಕಾಕಿಗೂ ಮಕ್ಕಳಿರಲಿಲ್ಲ, ಹಾಗಾಗಿ ನನಗೆ ಎರಡೂ ಮನೆಯ ಅಡುಗೆ ದಕ್ಕುತ್ತಿತ್ತು. ಅಪ್ಪ ಗಿರಾಕಿಗಳ ಜೊತೆ ಮಾತಾಡುವವನು, ನಗುವವನು, ದೊಡ್ಡ ದನಿಯವನು. ಕಾಕಾ ಮಾತು ಕಡಿಮೆ. ತಂತಿಯನ್ನು ಬೆರಳಿನಿಂದ ಸವರಿಯೇ ಅದರ ದಪ್ಪ ಹೇಳುತ್ತಿದ್ದ. ಆದರೆ ಅವನಿಗೆ ಹತ್ತಿರದ ಸಣ್ಣ ಅಂಕಿ ಕಾಣುತ್ತಿರಲಿಲ್ಲ, ಕನ್ನಡಕ ಹಾಕಿಕೊಳ್ಳಲು ನಾಚಿಕೆ. ಆ ನಾಚಿಕೆಯಿಂದಲೇ ನನಗೊಂದು ಕೆಲಸ ಸಿಕ್ಕಿತು.

ಕೈಯಿಂದ ತಿರುವುವ ಹಿಡಿ ಇದ್ದ ಒಂದು ಕರಿಯ ಪೆಟ್ಟಿಗೆ ನಮ್ಮಲ್ಲಿತ್ತು. ಅದೇ ಮೀಟರು. ಅದರ ಎರಡು ವಾಯರುಗಳಲ್ಲಿ ಒಂದನ್ನು ಕಾಕಾ ಸುತ್ತಿದ ತಂತಿಯ ತುದಿಗೆ, ಇನ್ನೊಂದನ್ನು ಬಣ್ಣ ಕೆರೆದ ಮೋಟಾರಿನ ಮೈಗೆ ಸಿಕ್ಕಿಸುತ್ತಿದ್ದ. ಒಂದೇ ಹದದಲ್ಲಿ ಹಿಡಿ ತಿರುವುತ್ತ, 'ಎಷ್ಟೈತಿ ಹೇಳವ್ವ ನೀಲವ್ವ?' ಎನ್ನುತ್ತಿದ್ದ. ನಾನು ಗಾಜಿನ ಮೇಲೆ ಬಗ್ಗಿ ಮುಳ್ಳು ಓದುತ್ತಿದ್ದೆ. ಮುಳ್ಳು ಅಡ್ಡ ಮಲಗಿದ ಎಂಟರ ಕಡೆ ಸರಿದರೆ ತಂತಿಗೂ ಕಬ್ಬಿಣಕ್ಕೂ ಸಂಬಂಧವಿಲ್ಲ, ಮೋಟಾರು ಆರೋಗ್ಯವಾಗಿದೆ. ಸೊನ್ನೆಗೆ ಬಿದ್ದರೆ ಕರೆಂಟು ಮೈಗೆ ಹರಿಯುತ್ತದೆ, ಮುಟ್ಟಿದವರನ್ನು ಹಿಡಿಯುತ್ತದೆ. ಒಂದರ ಗೆರೆ ದಾಟದ ಮೋಟಾರು ಅಂಗಡಿಯ ಹೊಸ್ತಿಲು ದಾಟಕೂಡದು ಎಂಬುದು ಕಾಕಾನ ಕಟ್ಟಳೆ. ಹಿಡಿ ತಿರುಗುವಾಗ ವಾಯರಿನ ತುದಿ ಮುಟ್ಟಬಾರದೆಂದು ಅವನು ಗದರಿಸಿದ್ದ. ಒಮ್ಮೆ ನಾನು ಮುಟ್ಟಿ, ಮೊಣಕೈತನಕ ಝುಂ ಎಂದದ್ದಕ್ಕೆ ಅತ್ತಾಗ ಕಾಕಿ ಬೆಲ್ಲ ಕೊಟ್ಟು ಸಮಾಧಾನ ಮಾಡಿದ್ದಳು. ಹನ್ನೊಂದು ವರ್ಷದ ನನಗೆ ಆ ಪಡಸಾಲೆಯಲ್ಲಿ ನಾನಿಲ್ಲದೆ ಏನೂ ನಡೆಯುವುದಿಲ್ಲ ಎಂಬ ಹೆಮ್ಮೆ.

ಅದು ಉಳ್ಳಾಗಡ್ಡಿ ಬಾಡುತ್ತಿದ್ದ ಕಾಲ. ತಿರ್ಲಾಪುರದ ಕಡೆಯ ರೈತನೊಬ್ಬ, ಈರಪ್ಪ ಎಂದು ಹೆಸರು, ಹಳ್ಳದ ನೀರೆತ್ತುವ ಮೋಟಾರು ಸುಟ್ಟಿತೆಂದು ತಂದಿದ್ದ. ಕಾಕಾ ಹೊಸದಾಗಿ ಸುತ್ತಿ ವಾರ್ನಿಶು ಹೊಯ್ದ. ಆದರೆ ಎರಡು ದಿನ ಸರಿಯಾಗಿ ಕರೆಂಟೇ ಇರಲಿಲ್ಲ. ದೊಡ್ಡ ಬಲ್ಬುಗಳನ್ನು ಹಚ್ಚಿ ಮೋಟಾರು ಒಣಗಿಸುವ ತಗಡಿನ ಡಬ್ಬಿ ತಣ್ಣಗೆ ಕೂತಿತ್ತು. ಶುಕ್ರವಾರ ಮಧ್ಯಾಹ್ನ ಕಾಕಾ ಮೀಟರು ಹಚ್ಚಿದ. ನಾನು ಓದಿದೆ: 'ಅರ್ಧಕ್ಕಿಂತ ಕೆಳಗ ಐತಿ ಕಾಕಾ.' ಅವನು ಇನ್ನೊಮ್ಮೆ ತಿರುವಿದ. ಮುಳ್ಳು ಅಲ್ಲೇ ನಿಂತಿತು.

'ಇನ್ನೂ ಹಸಿ ಐತ್ರಿ ಅಣ್ಣಾರ,' ಎಂದ ಅಪ್ಪನಿಗೆ. 'ನಾ ನಮಾಜ್ ಮುಗಿಸಿ ಬರೂತನಕ ಇದಕ್ಕ ಕೈ ಹಚ್ಚಬ್ಯಾಡ್ರಿ.'

ಕಾಕಾ ಮಸೀದಿಗೆ ಹೋದ ಹಿಂದೆಯೇ ಈರಪ್ಪ ಚಕ್ಕಡಿ ಕಟ್ಟಿಕೊಂಡು ಬಂದ. ಬೆಳೆ ಒಣಗುತ್ತಿದೆ, ಇವತ್ತು ಕೊಡದಿದ್ದರೆ ಬೇರೆ ಅಂಗಡಿಗೆ ಒಯ್ಯುತ್ತೇನೆಂದ. ಅಪ್ಪ ಒಂದು ಗಳಿಗೆ ಮೋಟಾರನ್ನೂ ರಸ್ತೆಯನ್ನೂ ನೋಡಿದ. 'ಆಗೇತಿ, ಒಯ್ಯೋ ಮಾರಾಯ,' ಎಂದು ತಾನೇ ಕೈ ಕೊಟ್ಟು ಹೇರಿಸಿದ. ನಾನು ಬಾಯಿ ತೆರೆದಾಗ ನನ್ನ ತಲೆ ಸವರಿ ನಕ್ಕ. ತಿರುಗಿ ಬಂದ ಕಾಕಾ ಖಾಲಿ ಮೇಜು ನೋಡಿ ಸೈಕಲ್ಲಿಗೆ ಕೈ ಹಾಕಿದ. ಅಪ್ಪ ತಡೆದು, ನಾಳೆ ಹೊತ್ತು ಮೂಡುವುದರೊಳಗೆ ತಾನೇ ಹೋಗಿ ನೋಡಿ ಬರುತ್ತೇನೆಂದು ಮಾತು ಕೊಟ್ಟ. ಹದಿನಾರು ವರ್ಷ ಜೊತೆಗೆ ದುಡಿದವನ ಮಾತು. ಕಾಕಾ ಸೈಕಲ್ಲು ಗೋಡೆಗೆ ಒರಗಿಸಿದ.

ಮರುದಿನ ಹೊತ್ತು ಮೂಡಿತು. ಅಪ್ಪ ಚಹಾ ಕುಡಿಯುತ್ತ ಪೇಪರು ಓದುತ್ತ ಕೂತಿದ್ದ. ಅಷ್ಟರಲ್ಲೇ ಈರಪ್ಪ ಏಳೆಂಟು ಮಂದಿಯೊಂದಿಗೆ ಬಂದ. ಬೆಳಿಗ್ಗೆ ಮೋಟಾರು ಶುರು ಮಾಡಿ, ನೀರು ಕುಡಿಯಲೆಂದು ಎತ್ತುಗಳನ್ನು ತೊಟ್ಟಿಗೆ ಬಿಟ್ಟಿದ್ದನಂತೆ. ಒಂದೆತ್ತು ಪೈಪಿಗೆ ಮೂತಿ ತಾಗಿಸಿ ಬಿತ್ತು, ಅದಕ್ಕೆ ಮೈ ಹಚ್ಚಿ ನಿಂತ ಇನ್ನೊಂದೂ ಬಿತ್ತು, ಎರಡೂ ಮತ್ತೆ ಏಳಲಿಲ್ಲ. ಬೈಯಲು ಬಂದವನಿಗೆ ಬೈಯಲಾಗಲಿಲ್ಲ. ನಮ್ಮ ಕಟ್ಟೆಯ ಮೇಲೆ ಕೂತು, ಎತ್ತುಗಳ ಹೆಸರು ಹಿಡಿದು ಅತ್ತ. ಗಂಡಸರು ಹಾಗೆ ಅಳುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಅಪ್ಪನ ಮುಖ ಬಿಳಿಚಿತು. ಆಮೇಲೆ ಅವನು ಅಂದದ್ದು ಇಷ್ಟು: 'ಟೆಸ್ಟ್ ಮಾಡೂದು ದಸ್ತಗೀರನ ಕೆಲಸ. ಅಂವಾ ಆಗೇತಿ ಅಂದ ಮ್ಯಾಲೆ ನಾ ಕಳಿಸೀನಿ.'

ಕಾಕಾ ಅಪ್ಪನೊಂದಿಗೆ ವಾದಿಸಲಿಲ್ಲ. ನನ್ನ ಕಡೆ ತಿರುಗಿದ. 'ಮುಳ್ಳು ಓದಿದ್ದು ಈ ಕೂಸು. ಕೇಳ್ರಿ ಅದನ್ನ. ಅದು ಹೇಳಿದ್ದನ್ನ ನಾ ಒಪ್ಪತೀನಿ.'

ಗುಂಪಿನಲ್ಲಿದ್ದ ಹಿರಿಯರೊಬ್ಬರು ನನ್ನನ್ನು ಮುಂದೆ ಕರೆದರು. ನಾನು ಅಪ್ಪನನ್ನು ನೋಡಿದೆ. ಅವನು ಕಣ್ಣು ಕೆಂಪು ಮಾಡಲಿಲ್ಲ. ಮಾಡಿದ್ದರೆ ಬಹುಶಃ ನಿಜ ಹೇಳುತ್ತಿದ್ದೆ. ಜ್ವರ ಬಂದಾಗ ಹಣೆ ಮುಟ್ಟಿ ಮಾತಾಡುತ್ತಿದ್ದ ದನಿಯಲ್ಲಿ, 'ಹೇಳವ್ವ, ಹೆದರಬ್ಯಾಡ,' ಎಂದ.

'ನಾ ನೋಡಿಲ್ರಿ,' ಎಂದೆ.

ಕಾಕಾ ತಲೆಯಾಡಿಸಿದ, ಒಪ್ಪುತ್ತೇನೆ ಎಂದಿದ್ದನಲ್ಲ, ಒಪ್ಪಿಕೊಂಡ. ಹೆಗಲ ಮೇಲಿನ ವಸ್ತ್ರದಿಂದ ಕೈ ಒರೆಸಿಕೊಂಡು ಮೆಟ್ಟಿಲಿಳಿದು ಹೋದ. ಅವನ ಕೈಯಿಂದ ರಿಪೇರಿಯಾದ ಮೋಟಾರು ಬೇಡವೆಂದು ಊರೂರಲ್ಲಿ ಮಾತಾಯಿತು. ವಾರದೊಳಗೆ ಅವರಿಬ್ಬರೂ ಕಾಕಿಯ ತವರು ಅಳ್ನಾವರಕ್ಕೆ ಹೊರಟರು. ಕಾಕಿ ಅವ್ವನನ್ನು ತಬ್ಬಿ ಅತ್ತಳು. ನಾನು ಹಿತ್ತಲಲ್ಲಿ ಅಡಗಿಕೊಂಡೆ. ಮುಂದಿನ ಸಂತೆಯಲ್ಲಿ ಅಪ್ಪ ನನಗೆ ರೇಷ್ಮೆಯ ಅಂಚಿನ ಪರಕಾರ ತಂದ. ಅವ್ವ ಅದನ್ನು ನನಗೆ ಉಡಿಸಲೂ ಇಲ್ಲ, ಯಾಕೆ ತಂದಿರಿ ಎಂದು ಅವನನ್ನು ಕೇಳಲೂ ಇಲ್ಲ. ಟ್ರಂಕಿನ ತಳಕ್ಕೆ ಹಾಕಿಬಿಟ್ಟಳು.

ಅಪ್ಪ ಇನ್ನೂ ಇಪ್ಪತ್ತು ವರ್ಷ ಬದುಕಿದ. ನನ್ನನ್ನು ಓದಿಸಿದ, ಮದುವೆ ಮಾಡಿದ, ಊರಲ್ಲಿ ಒಳ್ಳೆಯವನೆನಿಸಿಕೊಂಡ. ಒಳ್ಳೆಯವನೇ ಆಗಿದ್ದ, ಅದೇ ನನ್ನ ಸಂಕಟ. ಅವನು 'ಅವ್ವಾ' ಎಂದು ಮೆತ್ತಗೆ ಕರೆದಾಗಲೆಲ್ಲ ನನ್ನ ಮೈ ಬಿಗಿಯುತ್ತಿತ್ತು. ನನ್ನ ಅಕ್ಕರೆಯನ್ನೇ ಹಿಡಿದು ಅವನು ನನ್ನಿಂದ ಆ ಸುಳ್ಳು ಹೇಳಿಸಿದ್ದ. ಆ ಮಾತನ್ನು ನಾವಿಬ್ಬರೂ ಒಮ್ಮೆಯೂ ಎತ್ತಲಿಲ್ಲ. ಅವನು ಹೋದ ಮೇಲೆ ಮನೆ ಮಾರಿದೆವು. ಈಗ ಅಲ್ಲಿ ಎರಡು ಮಜಲಿನ ಬಟ್ಟೆ ಅಂಗಡಿ.

ಅಣ್ಣಿಗೇರಿಯಿಂದ ಬಂದ ವಾರಕ್ಕೆ ಅಳ್ನಾವರಕ್ಕೆ ಹೋದೆ. ಕಾಕಾ ತೀರಿಕೊಂಡು ಮೂರು ವರ್ಷವಾಗಿತ್ತು. ಕಾಕಿ ಗುರುತು ಹಿಡಿದು ಒಳಗೆ ಕರೆದಳು. ಇಲ್ಲಿಗೆ ಬಂದ ಮೇಲೆ ಅವನು ಮೋಟಾರು ಮುಟ್ಟಲೇ ಇಲ್ಲವಂತೆ, ಸ್ಟೇಷನ್ನಿನ ಬಾಜು ಕೂತು ಛತ್ರಿ ರಿಪೇರಿ ಮಾಡುತ್ತಿದ್ದನಂತೆ. ನನ್ನ ಬಗ್ಗೆ ಏನಾದರೂ ಅಂದಿದ್ದನೇ ಎಂದು ಕೇಳಿದೆ.

ಕಾಕಿ ಸುಳ್ಳು ಹೇಳಿ ಸಮಾಧಾನ ಮಾಡಬಹುದಿತ್ತು. ಮಾಡಲಿಲ್ಲ. 'ನಿಮ್ಮಪ್ಪ ಗುರಣ್ಣ ಹಂಗ ಅಂದದ್ದು ಅವ್ರು ಮರತರವ್ವ. ನಿನ್ನ ಮಾತು ಮರೀಲಿಲ್ಲ.'

'ನಾ ನೋಡಿದ್ದೆ ಕಾಕಿ.'

'ಗೊತ್ತೈತಿ ತಗೋ. ಚಾ ಆರತೈತಿ, ಕುಡಿ.'

ಸಂಜೆಗೆ ಮುಂಚೆ ಖಬರಸ್ತಾನದತನಕ ನಡೆದೆವು. ಹೆಂಗಸರು ಒಳಗೆ ಹೋಗುವ ರೂಢಿಯಿಲ್ಲವೆಂದು ಕಾಕಿ ಗೋಡೆಯ ಹೊರಗೇ ನಿಂತಳು. ನಾನೂ ಪಕ್ಕದಲ್ಲಿ ನಿಂತೆ. ಒಳಗೆ ಹುಲ್ಲು ಎದೆಯೆತ್ತರ ಬೆಳೆದಿತ್ತು. ಬೇವಿನ ಗಿಡದ ಆಚೆಗೆ ಎಂದು ಅವಳು ಕೈ ತೋರಿಸಿದಳು. ಅಲ್ಲಿ ಮಣ್ಣಿನ ದಿಬ್ಬಗಳು ಬಹಳ ಇದ್ದವು. ಯಾವುದು ಅವನದು ಎಂದು ನನಗೆ ತಿಳಿಯಲಿಲ್ಲ, ಇನ್ನೊಮ್ಮೆ ಕೇಳುವ ಬಾಯಿಯೂ ನನಗಿರಲಿಲ್ಲ.