ಹುಲಿ ನೋಡಲು ಹೋದವರ ಹಸು

ನಮ್ಮ ಊರಿನಿಂದ ಬನ್ನೇರುಘಟ್ಟಕ್ಕೆ ಹೋಗಿ ಅದೇ ದಿನ ವಾಪಸ್ಸು ಬರುವುದು ದೊಡ್ಡ ಸಾಹಸವೇನಲ್ಲ. ಕ್ಯಾಸಂಬಳ್ಳಿ ಕಡೆಯಿಂದ ಬರುವ ಮೊದಲ ಬಸ್ಸು ಹಿಡಿದರೆ ಬಂಗಾರಪೇಟೆ, ಅಲ್ಲಿಂದ ರೈಲಿನಲ್ಲಿ ಬೆಂಗಳೂರು, ಆಮೇಲೆ ಮತ್ತೊಂದು ಬಸ್ಸು. ನನ್ನ ಗಂಡ ವಾರಕ್ಕೆ ಆರು ದಿನ ಅದೇ ರೈಲಿನಲ್ಲಿ ಕಾರ್ಖಾನೆ ಕೆಲಸಕ್ಕೆ ಹೋಗಿ ಬರುತ್ತಾರೆ. ಆದರೂ ಒಂದು ಭಾನುವಾರವನ್ನು ಗೊತ್ತುಮಾಡುವುದಕ್ಕೆ ನಮಗೆ ದಸರೆ ರಜೆಯಿಂದ ಸಂಕ್ರಾಂತಿಯ ತನಕ ಬೇಕಾಯಿತು. ಅಡ್ಡಿಯಾಗಿದ್ದು ಹಸು.

ನಮ್ಮದು ಒಂದೇ ಸೀಮೆ ಹಸು. ಬೆಳಿಗ್ಗೆ ಆರಕ್ಕೆ, ಸಂಜೆ ಐದೂವರೆಗೆ ಕರೆದು ಡೈರಿಗೆ ಹಾಲು ಹಾಕಬೇಕು. ಅದಕ್ಕೆ ಅತ್ತೆಯ ಕೈ ಬಿಟ್ಟರೆ ಬೇರೆ ಕೈ ಆಗದು. ನಾನು ಬೇತಮಂಗಲದ ಹತ್ತಿರದ ಶಾಲೆಯೊಂದರಲ್ಲಿ ಅತಿಥಿ ಶಿಕ್ಷಕಿ. ಸಗಣಿ ಬಾಚುತ್ತೇನೆ, ಮೇವು ಹಾಕುತ್ತೇನೆ, ಕರೆಯಲು ಕೂತರೆ ಮಾತ್ರ ಒದೆಯುತ್ತದೆ.

ಹೀಗಾಗಿ ಮೊದಲ ಲೆಕ್ಕಾಚಾರದಲ್ಲಿ ಅತ್ತೆ ಇರಲೇ ಇಲ್ಲ. ಗಂಡ, ನಾನು, ಐದನೇ ಕ್ಲಾಸಿನ ಮಗಳು, ಒಂದನೇ ಕ್ಲಾಸಿನ ಮಗ, ನಾಲ್ಕೇ ಜನ. ಮಗಳು ಅಪ್ಪನ ಫೋನಿನಲ್ಲಿ ಹುಡುಕಿ, ಮಂಗಳವಾರ ರಜೆ ಎನ್ನುವುದನ್ನೂ ಸಫಾರಿ ಬಸ್ಸಿನ ಕಿಟಕಿಗೆ ಕಬ್ಬಿಣದ ಜಾಲರಿ ಇರುವುದನ್ನೂ ಪತ್ತೆಹಚ್ಚಿದ್ದಳು. ನೋಡಬೇಕಾದ ಪ್ರಾಣಿಗಳನ್ನು ಹಳೆಯ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಳು. ಮಗನಿಗೆ ಹುಲಿ ಸಾಕಾಗಿತ್ತು.

"ಅಜ್ಜಿ ಬರಲ್ವಾ?" ಎಂದು ಮಗಳು ಒಂದು ಸಂಜೆ ಕೇಳಿದಳು. ಅತ್ತೆ ಮೊರದಲ್ಲಿ ರಾಗಿ ಹಸನು ಮಾಡುತ್ತ ಕೂತಿದ್ದರು.

"ನಾನ್ ಬಂದ್ರೆ ಅಸ ಯಾರ್ ಕರೀತಾರೆ? ನೀವು ಓಗ್ಬನ್ನಿ."

ಸ್ವಲ್ಪ ಹೊತ್ತು ಕಲ್ಲು ಹೆಕ್ಕಿದ ಮೇಲೆ, ಯಾರೂ ಕೇಳದಿದ್ದರೂ ಇನ್ನೊಂದು ಮಾತು ಹೇಳಿದರು. ಅವರಿಗೆ ಹನ್ನೆರಡು ವರ್ಷವಿದ್ದಾಗ ಊರಿಗಾಂನ ಲೈನಿನಲ್ಲಿ, ಅಂದರೆ ಚಿನ್ನದ ಗಣಿಯವರ ಸಾಲುಮನೆಗಳಲ್ಲಿ, ಗಣಿ ಕೆಲಸಗಾರನಿಗೆ ಕೊಟ್ಟಿದ್ದ ಅಕ್ಕನ ಮನೆಯಲ್ಲಿ ಇದ್ದರಂತೆ. ಆ ಲೈನಿನವರೆಲ್ಲ ಸೇರಿ ಒಂದು ಬಸ್ಸು ಮಾಡಿಕೊಂಡು ಮೈಸೂರಿನ ಮೃಗಾಲಯಕ್ಕೆ ಹೊರಟರು. ಅಕ್ಕನ ಅತ್ತೆ ಹಾಸಿಗೆ ಹಿಡಿದಿದ್ದರಿಂದ ಗಂಜಿ ಕುಡಿಸಲು ಒಬ್ಬರು ಉಳಿಯಬೇಕಿತ್ತು.

"ನಾನ್ ಉಳ್ಕಂಡೆ. ಅಕ್ಕ ಬಂದು ಎಂಟು ದಿನ ಉಲಿ ಕತೆ ಏಳಿದ್ಳು," ಎಂದು ಹೇಳಿ ಮೊರ ಕೊಡವಿ ಒಳಗೆ ಹೋದರು.

ಅವರ ದನಿಯಲ್ಲಿ ದುಃಖವೇನೂ ಇರಲಿಲ್ಲ. ಇದ್ದಿದ್ದರೆ ನಾನು ಸಮಾಧಾನದ ಒಂದು ಮಾತು ಹೇಳಿ ಸುಮ್ಮನಾಗುತ್ತಿದ್ದೆನೋ ಏನೋ. ಆ ರಾತ್ರಿ ಊಟಕ್ಕೆ ಕೂತಾಗ, ಹೋದರೆ ಅತ್ತೆಯನ್ನೂ ಕರೆದುಕೊಂಡು ಹೋಗುವುದು, ಇಲ್ಲವಾದರೆ ಬೇಡ ಎಂದು ಗಂಡನಿಗೆ ಹೇಳಿದೆ. ಅವರು, "ಹಂಗಾದ್ರೆ ಈ ವರ್ಷ ಆಗ್ದೇ ಇರೋ ಮಾತು," ಎಂದು ಮುದ್ದೆ ಮುರಿದರು.

ಹತ್ತು ದಿನ ನಾನೇ ಹಾಲು ಕರೆಯಲು ಪ್ರಯತ್ನಿಸಿದೆ. ಅತ್ತೆಯ ಸೀರೆ ಉಟ್ಟುಕೊಂಡು ಕೂತೆ, ಅತ್ತೆ ಪಕ್ಕದಲ್ಲೇ ನಿಂತು ಅದರ ಗಂಗೆದೊಗಲು ಸವರುತ್ತಿದ್ದರು. ಎರಡು ಸಲ ಬಕೆಟ್ಟು ಉರುಳಿತು, ಒಂದು ಸಲ ನನ್ನ ಮೊಣಕಾಲು ಬಾತುಕೊಂಡಿತು. ಹನ್ನೊಂದನೆಯ ದಿನ ಬಿಟ್ಟುಬಿಟ್ಟೆ.

ಆ ಹಸು ಕರೆಯಬಲ್ಲ ಇನ್ನೊಬ್ಬರಿದ್ದರು. ನನ್ನ ವಾರಗಿತ್ತಿ, ಅಂದರೆ ಗಂಡನ ಅಣ್ಣನ ಹೆಂಡತಿ. ಗೋಡೆಯಾಚೆಯೇ ಅವರ ಮನೆ. ಭಾವ ಲಾರಿ ಓಡಿಸುವುದರಿಂದ ವಾರದಲ್ಲಿ ನಾಲ್ಕು ದಿನ ಊರಲ್ಲಿರುವುದಿಲ್ಲ. ಒಟ್ಟಿಗಿದ್ದಾಗ ಹಸುವನ್ನು ಕರುವಿನಿಂದ ಸಾಕಿದವಳು ಅವಳೇ, ಮೊದಲ ಸೂಲಿನಲ್ಲಿ ಹಾಲು ಕರೆದವಳೂ ಅವಳೇ. ಮೂರು ವರ್ಷದ ಹಿಂದೆ ಮನೆ ಪಾಲಾದಾಗ ಹಸು ನಮ್ಮ ಕಡೆಗೆ ಬಂತು, ಅತ್ತೆಯೂ ನಮ್ಮ ಜೊತೆ ಇರುತ್ತೇನೆಂದರು. ಆಗ ವಾರಗಿತ್ತಿ ಬೀದಿಯಲ್ಲಿ ನಾಲ್ಕು ಜನರೆದುರು, "ಅತ್ತೆ ಅಸುವಿನ ಇಂದೆ ಓದ್ರು," ಎಂದಿದ್ದಳು. ಅಷ್ಟೇ ಮಾತು. ಅವತ್ತಿನಿಂದ ಅತ್ತೆ ಅವಳ ಜೊತೆ ಮಾತಾಡಿರಲಿಲ್ಲ. ಅವಳೂ ಹಾಗೆಯೇ. ನಾನು ಮಧ್ಯೆ ಹಬ್ಬಕ್ಕೆ ಒಬ್ಬಟ್ಟು ಕೊಟ್ಟು ಬರುತ್ತಿದ್ದೆ, ಅವಳು ತಟ್ಟೆಯಲ್ಲಿ ಸಕ್ಕರೆ ಹಾಕಿ ವಾಪಸ್ಸು ಕೊಡುತ್ತಿದ್ದಳು. ಅದಕ್ಕಿಂತ ಹೆಚ್ಚಿನ ಬಳಕೆ ಇರಲಿಲ್ಲ.

ಸಂಕ್ರಾಂತಿ ಕಳೆದ ವಾರ ಅವಳ ಮನೆಗೆ ಹೋದೆ. ಅವಳು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ವಿಷಯ ಹೇಳಿದೆ.

"ಅಕ್ಕ, ಬರೋ ಭಾನುವಾರ ಒಂದು ದಿನ. ಬೆಳಿಗ್ಗೆ, ಸಾಯಂಕಾಲ, ಎರಡೂ ಹೊತ್ತು ಹಾಲು ಕರೆದು ಡೈರಿಗೆ ಹಾಕ್ಬಿಡು."

ಅವಳು ಕೈಯಲ್ಲಿದ್ದ ಲಂಗವನ್ನು ಹಿಂಡಿ ಪಕ್ಕಕ್ಕಿಟ್ಟಳು. "ಅತ್ತೆ ಏಳಿ ಕಳ್ಸುದ್ರಾ?"

"ಇಲ್ಲ. ನಾನೇ ಬಂದೆ."

"ಅವರಿಗೆ ಗೊತ್ತಾ?"

"ಇನ್ನೂ ಹೇಳಿಲ್ಲ."

"ಅವರೇ ಬಂದು ಕೇಳ್ಲಿ. ಕರ್ಕೊಡ್ತೀನಿ."

ಕೋಪದಿಂದ ಹೇಳಿದ್ದಲ್ಲ. ನನಗೆ ಅದು ನ್ಯಾಯವಾಗಿಯೇ ಕಂಡಿತು. ಮನೆಗೆ ಬಂದು ಅತ್ತೆಗೆ ಇದ್ದುದನ್ನು ಇದ್ದ ಹಾಗೆ ಹೇಳಿದೆ.

"ಯಾರ್ ನಿನ್ನ ಓಗು ಅಂದೋರು?" ಎಂದರು. ಆಮೇಲೆ, "ನಂಗೇನು ಉಲಿ ನೋಡ್ದೆ ಜೀವ ಓಗಲ್ಲ."

ಬುಧವಾರ, ಗುರುವಾರ, ಶುಕ್ರವಾರ ಈ ಮಾತು ಮನೆಯಲ್ಲಿ ಏಳಲಿಲ್ಲ. ಮಗಳು ನೋಟ್‌ಬುಕ್ಕು ತೆಗೆದು ನೋಡುವುದು, ಮುಚ್ಚಿಡುವುದು ಮಾಡುತ್ತಿದ್ದಳು. ನಾನು ಅವಳಿಗೆ ಆಸೆ ಹುಟ್ಟಿಸಲೂ ಇಲ್ಲ, ಬೇಡವೆನ್ನಲೂ ಇಲ್ಲ. ಶನಿವಾರ ಶಾಲೆಯಿಂದ ಮಧ್ಯಾಹ್ನ ಬಂದಾಗ ಅತ್ತೆ ಕೊಟ್ಟಿಗೆಯ ಪಕ್ಕದ ಮೋಟುಗೋಡೆಯ ಬಳಿ ನಿಂತಿದ್ದರು. ಆಚೆ ಕಡೆ ವಾರಗಿತ್ತಿ ಬಟ್ಟೆ ಮಡಚುತ್ತಿದ್ದಳು. ಅತ್ತೆ ಅವಳ ಮುಖ ನೋಡಲಿಲ್ಲ, ಹಸುವಿನ ಕಡೆಗೆ ತಿರುಗಿಕೊಂಡೇ ಮಾತಾಡಿದರು.

"ಬೂಸ ನೀಲಿ ಡ್ರಮ್ಮಲ್ಲಿ ಐತೆ. ಇಂಡಿ ನೆನೆ ಆಕಿಟ್ಟಿರ್ತೀನಿ. ಎಡಗಡೆ ಮೊಲೆ ಒಂಚೂರು ಗಟ್ಟಿ, ಮೆತ್ತಗೆ ಇಡ್ಕಬೇಕು."

"ಅದು ಮೊದಲಿಂದಾನೂ ಅಂಗೇ," ಎಂದಳು ವಾರಗಿತ್ತಿ. "ನಂಗೆ ಗೊತ್ತಿಲ್ವಾ?"

"ಗೊತ್ತು. ಆದ್ರೂ ಏಳ್ದೆ."

"ಎಷ್ಟೊತ್ತಿಗೆ ಓಗ್ತೀರಾ?"

"ಐದಕ್ಕೆ."

"ಸರಿ."

ಇಬ್ಬರೂ ತಂತಮ್ಮ ಮನೆಯೊಳಗೆ ಹೋದರು. ಕೇಳಿದಂತಾಯಿತೋ ಇಲ್ಲವೋ ಎಂದು ನಾನು ತೀರ್ಮಾನಿಸಲು ಹೋಗಲಿಲ್ಲ. ಪುಳಿಯೋಗರೆಗೆ ಹುಣಸೆಹಣ್ಣು ನೆನೆಹಾಕಿದೆ.

ರೈಲಿನಲ್ಲಿ ಭಾನುವಾರದ ಜನ ಅಷ್ಟೇನೂ ಇರಲಿಲ್ಲ. ಎಲ್ಲರಿಗೂ ಸೀಟು ಸಿಕ್ಕಿತು. ಎದುರಿಗೆ ಊರಿಗಾಂನಲ್ಲಿ ಹತ್ತಿದ್ದ ಒಬ್ಬ ಹೆಂಗಸು ಕೂತಿದ್ದರು, ಅತ್ತೆಗಿಂತ ಒಂದೆರಡು ವರ್ಷ ದೊಡ್ಡವರಿರಬೇಕು. "ಎಂಗೆ ಪೋರೀಂಗ?" ಎಂದು, ಎಲ್ಲಿಗೆ ಹೊರಟಿರೆಂದು, ಅವರು ತಮಿಳಿನಲ್ಲಿ ಕೇಳಿದರು. ಅತ್ತೆ ಒಂದು ಗಳಿಗೆಯೂ ತಡೆಯದೆ ತಮಿಳಿನಲ್ಲೇ ಉತ್ತರ ಕೊಟ್ಟರು. ಎಲ್ಲಿಗೆ, ಯಾರ ಜೊತೆ, ಯಾಕೆ, ಎಲ್ಲ ಹೇಳಿದರು. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಅಜ್ಜಿಗೆ ತಮಿಳು ಬರುತ್ತದೆಂಬುದು ಅವರಿಗೆ ಗೊತ್ತಿರಲಿಲ್ಲ. ಹನ್ನೆರಡು ವರ್ಷದಿಂದ ಒಂದೇ ಮನೆಯಲ್ಲಿದ್ದ ನನಗೂ ಇಷ್ಟು ಚೆನ್ನಾಗಿ ಬರುತ್ತದೆಂದು ಗೊತ್ತಿರಲಿಲ್ಲ.

"ಎಲ್ಲಿ ಕಲ್ತೆ ಅಜ್ಜಿ?" ಎಂದು ಮಗ ಕೇಳಿದ.

"ಲೈನಲ್ಲಿ ಕಣ್ಲಾ. ನೀರಿಗೆ ನಿಂತ್ಕಂಡು. ಅಲ್ಲೆಲ್ಲ ತಮಿಳೋರೇ."

ಬನ್ನೇರುಘಟ್ಟದಲ್ಲಿ ಬಿಸಿಲು ಏರಿತ್ತು, ಸಾಲೂ ಉದ್ದವಿತ್ತು. ಮೊದಲು ನಡೆದುಕೊಂಡು ನೋಡುವ ಕಡೆ ಹೋದೆವು. ಮಗಳು ನೋಟ್‌ಬುಕ್ಕಿನಲ್ಲಿ ಒಂದೊಂದಕ್ಕೂ ಗೀಟು ಹಾಕುತ್ತ ನಮ್ಮನ್ನು ಅವಸರ ಪಡಿಸುತ್ತಿದ್ದಳು. ಅತ್ತೆ ಜೀಬ್ರಾ ನೋಡಿ, "ಕತ್ತೆಗೆ ಸುಣ್ಣ ಬಳಿದಂಗೈತೆ," ಎಂದರು. ನೀರುಕುದುರೆಯ ಹತ್ತಿರ ಹುಲ್ಲು ಹಾಕುತ್ತಿದ್ದವನನ್ನು ಇದು ದಿನಕ್ಕೆಷ್ಟು ತಿನ್ನುತ್ತದೆ, ಸಗಣಿ ಏನು ಮಾಡುತ್ತೀರಿ ಎಂದು ವಿಚಾರಿಸಿದರು. ಅವನು ನಗುತ್ತ ಎಲ್ಲಕ್ಕೂ ಉತ್ತರ ಕೊಟ್ಟ. ಆ ಹೊತ್ತಿಗೆ ಮಗ ಕಾಲು ನೋವೆಂದು ಅಪ್ಪನ ಹೆಗಲೇರಿದ್ದ.

ಸಫಾರಿ ಬಸ್ಸಿನಲ್ಲಿ ಅತ್ತೆಯನ್ನು ಕಿಟಕಿಯ ಪಕ್ಕ ಕೂರಿಸಿದೆ. ಮಗ ಅವರ ತೊಡೆಯ ಮೇಲೆ. ಜಿಂಕೆಗಳು ಬಂದವು, ಕರಡಿಗಳು ಬಂದವು. ಸಿಂಹಗಳು ಮರದ ನೆರಳಿನಲ್ಲಿ ಮಲಗಿದ್ದವು. ಹುಲಿಯ ಜಾಗಕ್ಕೆ ಬರುವಷ್ಟರಲ್ಲಿ ಮಗ ನಿದ್ದೆ ಹೋಗಿದ್ದ. ಎಬ್ಬಿಸಲು ಗಂಡ ಭುಜ ಅಲುಗಿಸಿದರು, ಮಗಳು ಕಿವಿಯಲ್ಲಿ ಕೂಗಿದಳು. ಅವನು ಅಜ್ಜಿಯ ಸೆರಗಿಗೆ ಮುಖ ಒತ್ತಿಕೊಂಡ.

ಬಸ್ಸು ನಿಂತಿತು. ಪೊದೆಯ ಹಿಂದಿನಿಂದ ಒಂದು ಹುಲಿ ಎದ್ದು, ದಾರಿ ದಾಟಿ, ನಮ್ಮ ಕಿಟಕಿಯ ಕೆಳಗೇ ಹಾದುಹೋಯಿತು. ಕೈ ಚಾಚಿದರೆ ಬೆನ್ನು ಮುಟ್ಟುವಷ್ಟು ಹತ್ತಿರವೆಂದು ನನಗನ್ನಿಸಿತು, ನಡುವೆ ಜಾಲರಿ ಇತ್ತು. ಬಸ್ಸಿನಲ್ಲಿದ್ದವರೆಲ್ಲ ನಮ್ಮ ಕಡೆಗೆ ಬಾಗಿ ಫೋನು ಹಿಡಿದರು. ನಾನು ಹುಲಿಗಿಂತ ಹೆಚ್ಚಾಗಿ ಅತ್ತೆಯನ್ನು ನೋಡುತ್ತಿದ್ದೆ. ಅವರು ಒಂದು ಕೈಯನ್ನು ಮೊಮ್ಮಗನ ತಲೆಯ ಮೇಲಿಟ್ಟು ಅದು ಕಾಣುವಷ್ಟು ದೂರ ನೋಡಿದರು.

"ಅಕ್ಕ ಏಳಿದಷ್ಟು ದೊಡ್ಡದಿಲ್ಲ," ಎಂದರು. ಬಸ್ಸು ಹೊರಟ ಮೇಲೆ, "ನಡಿಗೆ ಮಾತ್ರ ಅವ್ಳು ಏಳಿರ್ಲಿಲ್ಲ."

ಮಗ ಎದ್ದ ಮೇಲೆ ಹುಲಿ ತಪ್ಪಿಹೋಯಿತೆಂದು ಅತ್ತ. ಅವನಿಗೆ ಗಂಡನ ಫೋನಿನಲ್ಲಿ ಬಂದಿದ್ದ ಹುಲಿಯ ಬಾಲವನ್ನು ತೋರಿಸಿದೆವು. ಅವನು ಅದನ್ನು ಒಪ್ಪಲಿಲ್ಲ. ವಾಪಸ್ಸು ಬರುವ ರೈಲಿನಲ್ಲೂ ಮುಖ ಊದಿಸಿಕೊಂಡೇ ಕೂತಿದ್ದ.

ಮನೆ ತಲುಪಿದಾಗ ಕೊಟ್ಟಿಗೆ ಗುಡಿಸಿತ್ತು, ಹಸು ಮಲಗಿ ಮೆಲುಕು ಹಾಕುತ್ತಿತ್ತು. ಬಾಗಿಲ ಬಳಿ ಮಕ್ಕಳಿಗೆಂದು ಒಂದು ಚೊಂಬು ಹಾಲು ಮುಚ್ಚಿಟ್ಟಿತ್ತು.

ಸೋಮವಾರ ಬೆಳಿಗ್ಗೆ ಗಂಡ ಎಂದಿನಂತೆ ರೈಲಿಗೆ ಹೋದರು. ನಾನು ಮಗಳಿಗೆ ಜಡೆ ಹಾಕುತ್ತಿದ್ದಾಗ ಹಿತ್ತಲ ಕಡೆಯಿಂದ ಮಾತು ಕೇಳಿಸಿತು.

"ಸಿಂಹ ಇತ್ತಾ?" ವಾರಗಿತ್ತಿಯ ದನಿ.

"ಇತ್ತು. ಮಲ್ಗಿತ್ತು," ಎಂದರು ಅತ್ತೆ.

"ಆನೆ?"

"ಮೂರ್ನಾಕು ಇದ್ವು. ಮರಿ ಒಂದಿತ್ತು, ಅದನ್ನ ನೀನ್ ನೋಡ್ಬೇಕಿತ್ತು. ಕಾಲ್ ಸಂದೀಲಿ ನುಗ್ಗಿ ನುಗ್ಗಿ ಆಲು ಕುಡೀತಿತ್ತು."

"ಮೊಲೆ ಎಲ್ಲಿರುತ್ತೆ ಆನೇಗೆ?"

"ಮುಂದೆ. ಮುಂಗಾಲತ್ರ. ಮನುಷ್ಯರ್ ತರಾನೇ."

ವಾರಗಿತ್ತಿ ಅದನ್ನು ನಂಬಲಿಲ್ಲ. ಅತ್ತೆ ಎದ್ದು ಗೋಡೆಯ ಹತ್ತಿರ ಹೋಗಿ ಕೈಯಲ್ಲಿ ತೋರಿಸುತ್ತ ವಿವರಿಸತೊಡಗಿದರು. ಶಾಲೆಗೆ ಹೊತ್ತಾಗಿತ್ತು, ಬಸ್ಸಿನ ಸದ್ದು ಊರಬಾಗಿಲಲ್ಲೇ ಕೇಳುತ್ತಿತ್ತು. ಮಕ್ಕಳ ಚೀಲ ಎತ್ತಿಕೊಂಡು ನಾನು ಮುಂಬಾಗಿಲಿನಿಂದ ಹೊರಟೆ.